ಏಳನೆಯ ಚೀಲದ ಮೆಂತ್ಯ

ದೆವ್ವ, ಶಕುನ ಎಂಬ ಮಾತುಗಳನ್ನು ನಾನು ನಂಬಿದವಳಲ್ಲ; ಈಗಲೂ ನಂಬುವುದಿಲ್ಲ. ರಸಾಯನಶಾಸ್ತ್ರ ಓದಿದವಳು. ಧಾರವಾಡದ ಲಕಮನಹಳ್ಳಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಔಷಧಿ ಬೀಜಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಹಾಗಿದ್ದೂ ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ನಡೆದದ್ದನ್ನು ಬರೆಯುತ್ತಿದ್ದೇನೆ. ನಗುವವರು ನಗಲಿ.

ಆ ದಿನ ಹನ್ನೆರಡು ಚೀಲ ಮೆಂತ್ಯ ಬಂದಿತ್ತು. ಸಕ್ಕರೆ ಕಾಯಿಲೆಯವರು ದಿನಾ ಬೆಳಿಗ್ಗೆ ನೀರಿನಲ್ಲಿ ಕಲಸಿ ಕುಡಿಯುವ ಪುಡಿಗೆ ಹೋಗಬೇಕಾದ ಮಾಲು. ವಾಡಿಕೆಯಂತೆ ಮೊದಲ ಮೂರು ಚೀಲಗಳಿಂದ ಹಿಡಿ ಹಿಡಿ ಕಾಳು ತೆಗೆದು, ಪುಡಿ ಮಾಡಿ, ಅದರ ಸತ್ವವನ್ನು ದ್ರಾವಣಕ್ಕೆ ಇಳಿಸಿಕೊಂಡೆ. ಆ ದ್ರಾವಣದ ಒಂದು ಹನಿಯನ್ನು ಪುಡಿ ಲೇಪಿಸಿದ ಗಾಜಿನ ಫಲಕದ ಬುಡಕ್ಕಿಟ್ಟು, ಫಲಕವನ್ನು ದ್ರವದಲ್ಲಿ ನಿಲ್ಲಿಸಿದರೆ, ಬೀಜದೊಳಗಿನ ಒಂದೊಂದು ವಸ್ತುವೂ ಬೇರೆ ಬೇರೆ ಎತ್ತರಕ್ಕೆ ಏರಿ ಚುಕ್ಕೆಯಾಗಿ ನಿಲ್ಲುತ್ತದೆ. ನಾವು ಮೇಲೆ ಸಿಂಪಡಿಸುವ ರಾಸಾಯನಿಕಕ್ಕೆ ಅವುಗಳಲ್ಲಿ ಕೆಲವು ಮಾತ್ರ ಬಣ್ಣ ತಾಳುತ್ತವೆ; ಮೆಂತ್ಯಕ್ಕೆ ಕಿತ್ತಳೆ ಬಣ್ಣದ ಒಂದೇ ಚುಕ್ಕೆ ಬರಬೇಕು. ಅಂದು ಎರಡು ಬಂದವು. ಎರಡನೆಯದರ ಜಾಗ ನನಗೆ ಚೆನ್ನಾಗಿ ಗೊತ್ತಿತ್ತು: ದತ್ತೂರಿಯ ವಿಷ. ಫೋಟೊ ತೆಗೆದುಕೊಂಡೆ.

ಅದೇ ದ್ರಾವಣವನ್ನು ಇನ್ನೊಂದು ಫಲಕಕ್ಕೆ ಇಟ್ಟೆ. ಒಂದೇ ಚುಕ್ಕೆ. ಮೂರನೆಯ ಸಲವೂ ಒಂದೇ. ಹೋಲಿಕೆಗೆಂದು ಇಟ್ಟುಕೊಂಡಿದ್ದ ದತ್ತೂರಿ ಸತ್ವದ ಶೀಸೆ ಖಾಲಿಯಾಗಿ ತಿಂಗಳಾಗಿತ್ತು, ಫಲಕಗಳು ಹೊಸ ಪೆಟ್ಟಿಗೆಯವು. ಕೈತಪ್ಪಿ ಸೇರಿತೆನ್ನಲು ದಾರಿಯಿರಲಿಲ್ಲ.

ಗೋಕುಲ ರಸ್ತೆಯ ಪುಡಿ ಕಾರ್ಖಾನೆಗೆ ಮಾಲು ಒಯ್ಯಬೇಕಾದ ಗಾಡಿ ಬಾಗಿಲಲ್ಲೇ ನಿಂತಿತ್ತು. ನಮ್ಮ ಪ್ರಯೋಗಾಲಯದ ಮ್ಯಾನೇಜರ್ ಪಾಟೀಲರು ಮೂರೂ ಫಲಕ ನೋಡಿ, "ಎರಡ ಸಲ ಛಲೋ ಬಂದದಲ್ರಿ ಮೇಡಂ, ಮೊದಲಿಂದು ತಪ್ಪು. ಸಹಿ ಮಾಡ್ರಿ," ಎಂದರು. ನಮ್ಮ ಪದ್ಧತಿಯ ಪ್ರಕಾರ ಅವರ ಮಾತು ಸರಿಯೇ. ಆದರೂ ಪೆನ್ನು ಮುಚ್ಚಿಟ್ಟೆ.

"ಹನ್ನೆರಡೂ ಚೀಲ ಬಿಚ್ಚಿಸಿ ನೋಡೂತನಕ ನಾ ಸಹಿ ಮಾಡೂದಿಲ್ರಿ."

"ಏನೂ ಸಿಗಲಿಲ್ಲಂದ್ರ?"

"ರಾಜೀನಾಮೆ ಬರದು ಕೊಟ್ಟ ಹೋಗತೇನಿ."

ಹಾಗೆ ಯಾಕೆ ಅಂದೆನೋ ತಿಳಿಯದು. ಅಂದ ಮೇಲೆ ಹಿಂದೆ ಸರಿಯಲಿಲ್ಲ.

ಚೀಲ ಬಿಚ್ಚುವ ಶಾಂತವ್ವ ಹೆಬ್ಬಳ್ಳಿಯವಳು, ಹೊಲದಲ್ಲಿ ಕಳೆ ಕೀಳುತ್ತಲೇ ಬೆಳೆದವಳು. ನಾಲ್ಕು, ಐದು, ಆರು, ಬರೀ ಮೆಂತ್ಯ. ಪಾಟೀಲರು ಗಡಿಯಾರ ನೋಡತೊಡಗಿದ್ದರು. ಏಳನೆಯದರ ಹೊಲಿಗೆ ಬಿಚ್ಚಿ, ಮೊಣಕೈವರೆಗೆ ಕೈಯಿಳಿಸಿ ಒಂದು ಹಿಡಿ ತೆಗೆದ ಶಾಂತವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೆಂತ್ಯದ ನಡುವೆ ಅದೇ ಬಣ್ಣದ ಚಪ್ಪಟೆ ಬೀಜಗಳಿದ್ದವು.

"ಇವು ಮೆಂತೆ ಅಲ್ರಿ ಅಕ್ಕಾರ, ಮದಗುಣಕಿ," ಎಂದಳು. ದತ್ತೂರಿಗೆ ನಮ್ಮ ಕಡೆಯ ಹೆಸರು ಅದು.

ಮೊದಲ ಮೂರನ್ನೂ ಸೇರಿಸಿ ಉಳಿದ ಯಾವ ಚೀಲದಲ್ಲೂ ಸಿಗಲಿಲ್ಲ. ಏಳನೆಯದನ್ನು ಅದಕ್ಕೂ ಮೊದಲು ನಮ್ಮಲ್ಲಿ ಯಾರೂ ಬಿಚ್ಚಿರಲಿಲ್ಲ. ಅದರ ಒಂದು ಕಾಳೂ ನನ್ನ ದ್ರಾವಣಕ್ಕೆ ಬಿದ್ದಿರಲಿಲ್ಲ.

ಮಾಲು ವಾಪಸು ಹೋಯಿತು. ಸಂಜೆ ಪಾಟೀಲರು ದನಿ ತಗ್ಗಿಸಿ, "ಏಳನೇ ಚೀಲದಿಂದನೂ ಕಾಳು ತಗದಿದ್ವಿ ಅಂತ ವರದಿಯೊಳಗ ಬರೀರಿ. ಇಲ್ಲಾಂದ್ರ ಓದಿದವರು ನಮಗ ಹುಚ್ಚ ಹಿಡದದ ಅಂತಾರ," ಎಂದರು. ಶಾಂತವ್ವನೋ, "ದೇವರ ತೋರಿಸ್ಯಾನ, ಸುಮ್ಮನ ಕೈ ಮುಗೀರಿ," ಎಂದಳು. ಇಬ್ಬರ ಮಾತನ್ನೂ ನಾನು ಕೇಳಲಿಲ್ಲ. ಮೂರು ಚೀಲದ ಮಾದರಿ, ಒಂದು ಸಲ ಕಂಡ ಚುಕ್ಕೆ, ಎರಡು ಸಲ ಕಾಣದ ಚುಕ್ಕೆ, ಏಳನೆಯ ಚೀಲದಲ್ಲಿ ಸಿಕ್ಕ ಬೀಜ. ಎಲ್ಲವನ್ನೂ ನಡೆದಂತೆ ಬರೆದು, ಕೆಳಗೆ "ಕಾರಣ ಗೊತ್ತಿಲ್ಲ" ಎಂದು ಸೇರಿಸಿ ಸಹಿ ಮಾಡಿದೆ.

ಆಮೇಲೆ ತಿಳಿದವರನ್ನು ಕೇಳಿದ್ದೇನೆ. ಫಲಕ ಕೊಳೆಯಾಗಿತ್ತು ಎಂದರು ಒಬ್ಬರು, ನಿಮ್ಮ ಕಣ್ಣಿನ ಭ್ರಮೆ ಎಂದರು ಇನ್ನೊಬ್ಬರು. ಕ್ಯಾಮೆರಾಕ್ಕೂ ಭ್ರಮೆಯಾಗುತ್ತದೆಯೇ? ಕಳೆದ ವರ್ಷ ಹೊಸದಾಗಿ ಬಂದ ಮೇಲಧಿಕಾರಿ ಕಡತ ತಿರುವಿ, ವರದಿಯ ಕೊನೆಯ ಸಾಲನ್ನು ತೆಗೆಯಿರಿ ಎಂದರು. ತೆಗೆಯುವುದಿಲ್ಲ ಎಂದೆ. ಅದು ಅಲ್ಲೇ ಇದೆ.