ಧಾರೆಗೆ ಕೂರುವ ಭಯ

ಮೊನ್ನೆ ಕೆ.ಆರ್. ನಗರದ ಬಸ್ಸಿಗೆ ಹೊರಟಾಗ ಮಗಳು ಕಾಫಿ ಲೋಟ ತಂದಳು. ನನ್ನ ಕೈ ತಾನಾಗಿಯೇ ಅದನ್ನು ಹಿಂದಕ್ಕೆ ತಳ್ಳಿತು. ದಾರಿಯಲ್ಲಿ ತಡೆಯಲಾಗುವುದಿಲ್ಲ ಎನ್ನಬೇಕಿತ್ತು. "ಹೊಟ್ಟೆ ತುಂಬೈತೆ ಕಣವ್ವ" ಎಂದು ಸುಳ್ಳು ಹೇಳಿದೆ. ಇದೇ ಸುಳ್ಳನ್ನು ಭೇರ್ಯದ ನನ್ನ ಚಿಕ್ಕಮ್ಮ ಹೇಳುತ್ತಿದ್ದಳು.

ತೊಂಬತ್ತರ ದಶಕದ ಕೊನೆ. ಚಿಕ್ಕಮ್ಮನಿಗೆ ಮೂತ್ರ ಬಂತೆಂದರೆ ಬಂತೇ. ಬಚ್ಚಲ ಬಾಗಿಲು ಮುಟ್ಟುವಷ್ಟು ವ್ಯವಧಾನವಿರುತ್ತಿರಲಿಲ್ಲ. ನೀರು ಸುರಿಯುವ ಸದ್ದು ಕೇಳಿದರಂತೂ ಮುಗಿದೇಹೋಯಿತು. ಒಬ್ಬಳೇ ಮಗಳ ಮದುವೆಗೆ ಎರಡು ತಿಂಗಳಿತ್ತು. ನಮ್ಮಲ್ಲಿ ಧಾರೆ ಎರೆಯುವಾಗ ಗಿಂಡಿಯಿಂದ ನೀರು ಬಿಡುವವಳು ಹೆತ್ತ ತಾಯಿ. ನೀವೇ ಯೋಚಿಸಿ: ನೂರಾರು ಜನರ ಮುಂದೆ, ತನ್ನದೇ ಕೈಯಿಂದ ನೀರು ಸುರಿಯಬೇಕು!

"ನಿಮ್ಮವ್ವನ್ನೇ ಧಾರೆಗೆ ಕೂರಿಸ್ಬುಡ್ಲೇನೆ? ನಾನು ಮೂಲೇಲಿ ನಿಂತು ನೋಡ್ತೀನಿ," ಎಂದು ನನ್ನ ಮುಂದೆ ಅತ್ತಳು.

ಆಗ ಪಿಯುಸಿ ಫೇಲಾಗಿ ಮನೆಯಲ್ಲಿದ್ದ ನನಗೆ ತಿಳಿಯದ ವಿದ್ಯೆಯೇ ಇರಲಿಲ್ಲ. ನೀರೇ ಕುಡಿಯಬೇಡ ಎಂದೆ. ಪಾಪ, ಬಿಸಿಲಲ್ಲಿ ರಾಗಿ ಹೊಲದ ಕಳೆ ಕೀಳುವ ಹೆಂಗಸು ಬಾಯಿ ಒಣಗಿಸಿಕೊಂಡಳು. ಉರಿ ಹತ್ತಿತು, ಅವಸರ ಇನ್ನೂ ಹೆಚ್ಚಾಯಿತು. ಪಕ್ಕದ ಮನೆಯವರು ಮದ್ದೆಂದು ಕೊಟ್ಟ ಎಳ್ಳು ಬೆಲ್ಲದ ಉಂಡೆ ರುಚಿಯಾಗಿತ್ತು, ಅರ್ಧ ನಾನೇ ತಿಂದೆ. ಗುಣ ಮಾತ್ರ ಕಾಣಲಿಲ್ಲ.

ಕೊನೆಗೆ ಆಸ್ಪತ್ರೆಗೆ ಹೋದೆವು. ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ನರ್ಸಮ್ಮ ಬಾಗಿಲು ಮುಚ್ಚಿ ಹೇಳಿದರು: "ನೀರು ಬುಡ್ಬ್ಯಾಡಿ ಕಣಮ್ಮ, ಕಾಫಿ ಬುಡಿ. ಉಚ್ಚೆ ತಡೆಯೋ ಜಾಗಾನ ಬಿಗಿ ಇಡ್ಕಂಡು ಸಡ್ಲ ಬುಡಿ, ದಿನಕ್ಕೆ ಮೂರು ಸಲ. ಅವಸರ ಆದ ತಕ್ಷಣ ಓಡ್ಬ್ಯಾಡಿ, ಒಂದೈದು ನಿಮಿಷ ತಡೀರಿ. ಆಮೇಲಾಮೇಲೆ ಜಾಸ್ತಿ ಮಾಡಿ."

ಹೊಲದಲ್ಲಿ ಗಡಿಯಾರ ಎಲ್ಲಿಂದ ಬರಬೇಕು? ಚಿಕ್ಕಮ್ಮ ಸಾಲಿನ ಲೆಕ್ಕ ಹಿಡಿದಳು. ಅವಸರವಾದರೆ ಹಲ್ಲು ಕಚ್ಚಿ ಅರ್ಧ ಸಾಲು ಕಳೆ ಕಿತ್ತು ಹೋಗುವುದು. ತಿಂಗಳಾಗುವಷ್ಟರಲ್ಲಿ ಎರಡು ಸಾಲಿಗೆ ಬಂದಳು. ಬಿಗಿ ಹಿಡಿಯುವ ಪಾಠಕ್ಕೆ ಒಬ್ಬಳೇ ಕೂರಲು ನಾಚಿಕೆಯೆಂದು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಯಾವುದರಿಂದ ಎಷ್ಟು ಗುಣವೆಂದು ತೂಗಿ ಹೇಳಲಾರೆ. ಕಾಫಿ ಬಿಟ್ಟ ಮೇಲೆ ಪದೇ ಪದೇ ಏಳುವುದು ಕಡಿಮೆಯಾಯಿತು. ಓಟ ನಿಂತದ್ದು ಸಾಲಿನ ಲೆಕ್ಕದಿಂದಲೇ ಎಂದು ನನ್ನ ನಂಬಿಕೆ.

ಧಾರೆಯ ದಿನ ಬಂತು. ಚಿಕ್ಕಮ್ಮ ಗಿಂಡಿ ಬಗ್ಗಿಸಿದಳು. ನೀರು ಬಿದ್ದ ಸದ್ದಿಗೆ ಅವಳ ಮುಖ ಬಿಗಿಯಿತು, ತುಟಿ ಅಲುಗತೊಡಗಿತು. ಜನ ಮಂತ್ರವೆಂದುಕೊಂಡರು, ಅವಳು ಸಾಲು ಎಣಿಸುತ್ತಿದ್ದಳು. ಗಿಂಡಿ ಬರಿದಾಯಿತು. ಅವಳು ಏಳಲಿಲ್ಲ.

ಎಲ್ಲ ಮುಗಿದ ಮೇಲೆ ಅವಳ ಜೊತೆ ಬಚ್ಚಲಿಗೆ ಹೋದರೆ, ಬಾಗಿಲಲ್ಲಿ ಗಂಡಿನ ತಾಯಿ ಮುಖ ಹಿಂಡಿಕೊಂಡು ನಿಂತಿದ್ದರು. "ಬೆಳಗಿಂದ ನೀರು ಮುಟ್ಟಿಲ್ಲ ಕಣ್ರೀ, ಆದ್ರೂ ತಡಿಯಾಕಾಗ್ದು."

"ನೀವು ಮೊದ್ಲು ಓಗಿ ಬೀಗ್ರೇ," ಎಂದಳು ಚಿಕ್ಕಮ್ಮ. "ನಂಗಿನ್ನೂ ಅರ್ಧ ಸಾಲೈತೆ."

ಅವಳ ಪಕ್ಕ ಕೂತು ಪಾಠ ಕಲಿತವಳು ನಾನು. ಆದರೂ ನನ್ನ ಸರದಿ ಬಂದಾಗ ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದೇನೆ. ಇವತ್ತು ನಿಮಗೆ ಬರೆದು ಹೇಳಿಬಿಟ್ಟೆ. ಈ ಹಾಳೆ ಓದಲು ಮಗಳನ್ನು ಕೂಗಿದ್ದೇನೆ. ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದಾಳೆ.