ಕೇಕಿನ ಮೇಲಿನ ತಪ್ಪು ಬಾವುಟ

ನಮಗೆ ಬಿಳಿಯರೆಲ್ಲ ಇಂಗ್ಲಿಷಿನವರೇ. ಇಲ್ಲಿ ಗಲ್ಫಿನಲ್ಲಿ, ರುಸೈಲಿನ ನಮ್ಮ ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದಾಗ ಸ್ವಾಗತದ ಕೇಕ್ ತರುವ ಕೆಲಸ ನನ್ನ ತಲೆಗೆ ಬಿತ್ತು. ಹಮ್ರಿಯಾದ ಬೇಕರಿಯಲ್ಲಿ ನಿಂತು, ಕ್ರಿಕೆಟ್ ಮ್ಯಾಚಿನಲ್ಲಿ ನೋಡಿದ್ದ ಇಂಗ್ಲೆಂಡಿನ ಕೆಂಪು ಶಿಲುಬೆಯ ಬಾವುಟವನ್ನೇ ಕೇಕಿನ ಮೇಲೆ ಬರೆಸಿದೆ. ನನ್ನ ಬುದ್ಧಿಗೆ ನಾನೇ ಶಹಭಾಸ್ ಅಂದುಕೊಂಡೆ.

ಅವರು ಕೇಕ್ ನೋಡಿದರು, ಚಾಕು ಕೆಳಗಿಟ್ಟರು, ಒಳಗೆ ಹೋದರು.

"ಖಲಾಸ್ ಮಾರಾಯ! ಅವರು ಸ್ಕಾಟ್ಲೆಂಡಿನವರು" ಎಂದ ಸ್ಟೋರಿನವ.

ನನ್ನ ಕರಾರು ಆ ತಿಂಗಳೇ ಮುಗಿಯುವುದಿತ್ತು. ನವೀಕರಣದ ಕಾಗದ ಅವರ ಮೇಜಿನ ಮೇಲಿತ್ತು. ಅವರು ಸಹಿ ಹಾಕದಿದ್ದರೆ ವೀಸಾ ಇಲ್ಲ, ಅಲ್ ಹೈಲಿನ ಮನೆ ಇಲ್ಲ, ಮಗಳ ಶಾಲೆ ಇಲ್ಲ. ಒಂದು ಕೇಕಿಗೆ ಸಂಸಾರವೇ ಬೀದಿಗೆ ಬಂತಲ್ಲ ಎಂದು ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ಕರೆದರು. ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಒಂದು ಹಾಳೆಯಲ್ಲಿ ದ್ವೀಪ ಬರೆದು, ನಡುವೆ ಗೆರೆ ಎಳೆದರು.

"ಮೇಲಿನದು ನಾವು. ನಮಗೆ ನಮ್ಮದೇ ರಾಜರಿದ್ದರು. ನಮ್ಮ ರಾಜನೇ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ. ನೂರು ವರ್ಷದ ಮೇಲೆ ಎರಡು ಪಾರ್ಲಿಮೆಂಟುಗಳೂ ಒಂದಾದವು. ಆದರೂ ಕಾನೂನು ನಮ್ಮದೇ ಉಳಿಯಿತು. ಆಮೇಲೆ ಸುಮಾರು ಮುನ್ನೂರು ವರ್ಷ ಕಳೆದು ನಮ್ಮ ಪಾರ್ಲಿಮೆಂಟು ಮತ್ತೆ ತೆರೆಯಿತು. ತಿಳಿಯಿತೇ?"

ತಲೆಯಾಡಿಸಿದೆ.

"ಸರಿ, ನೀವು ಕೇರಳದವರಲ್ಲವೇ?"

ಹದಿನೈದು ವರ್ಷ ಈ ದೇಶದಲ್ಲಿ ಎಲ್ಲರಿಂದ ಇದನ್ನೇ ಕೇಳಿ ರೋಸಿಹೋಗಿದ್ದೆ. ಕಾಗದ, ವೀಸಾ ಎಲ್ಲ ಮರೆತೇಹೋಯಿತು. "ಅಲ್ಲ ಸರ್!" ಎಂದು ಅವರ ಕೈಯಿಂದ ಪೆನ್ಸಿಲ್ ಕಿತ್ತುಕೊಂಡೆ. ಅದೇ ಹಾಳೆಯಲ್ಲಿ ಕರಾವಳಿ ಎಳೆದು, ಕೇರಳ ಎಲ್ಲಿ ಮುಗಿಯುತ್ತದೆ, ಮಂಗಳೂರು ಎಲ್ಲಿದೆ, ಮನೆಯಲ್ಲಿ ನಾವು ಆಡುವ ತುಳುವೇ ಬೇರೆ ಎಂದು ದನಿ ಏರಿಸಿ ಹೇಳಿದೆ. ಮುಗಿಸಿದ ಮೇಲೆ, ಯಾರ ಎದುರು ಕೂಗಾಡಿದೆ ಎಂದು ನೆನಪಾಗಿ ಪೆನ್ಸಿಲನ್ನು ಮೆಲ್ಲಗೆ ಅವರ ಮುಂದಿಟ್ಟೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಈಗ ನನ್ನ ನಿನ್ನೆಯ ಮುಖ ನಿಮಗೆ ಅರ್ಥವಾಗಿರಬೇಕು" ಎಂದು ಕಾಗದ ಎಳೆದುಕೊಂಡು ಸಹಿ ಹಾಕಿದರು.

ಹೊರಗೆ ಬಂದವನೇ ಮನೆಗೆ ಫೋನ್ ಮಾಡಿದೆ.

"ಸೈನ್ ಆಯ್ತು."

ಹಿಂದಿನ ರಾತ್ರಿಯಷ್ಟೇ "ಹೋಗುವುದಾದ್ರೆ ಊರಿಗೆ ಹೋಗುವ, ಅದಕ್ಕೆಂತ ಹೆದರ್ಲಿಕ್ಕೆ?" ಎಂದು ನನಗೇ ಧೈರ್ಯ ಹೇಳಿದ್ದ ಹೆಂಡತಿ ಆ ಕಡೆ ಬಿಕ್ಕಿ ಬಿಕ್ಕಿ ಅಳತೊಡಗಿದಳು.