ಕೇಸರಿ ಹೂ ಬಿಡಿಸುವವರು

ವಿಚಾರ ಸಂಕಿರಣಕ್ಕೆಂದು ಸ್ಟಾಕ್‌ಹೋಮ್‌ಗೆ ಬಂದಿದ್ದ ನಾನು ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕಾಯಿತು. ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ನಿಂತಿದೆ ಎಂದರು ವೈದ್ಯರು. ಈಗ ಮನೆಯಿರುವ ಕಾರ್ಲ್‌ಸ್ಟಾಡ್‌ಗೆ ಮರಳುವ ರೈಲಿನಲ್ಲಿ ಕೂತು, ಸಂಕಿರಣದಲ್ಲಿ ತೋರಿಸಬೇಕಿದ್ದ ಚಿತ್ರಗಳನ್ನು ನೋಡುತ್ತಿದ್ದೇನೆ. ಗ್ರೀಸಿನ ದ್ವೀಪವೊಂದರ, ಮೂರೂವರೆ ಸಾವಿರ ವರ್ಷಕ್ಕೂ ಹಳೆಯ ಮಿನೋವನ್ ಕಾಲದ ಗೋಡೆಚಿತ್ರಗಳು. ಒಂದರಲ್ಲಿ ಹುಡುಗಿಯರು ಬಂಡೆಗಳ ನಡುವೆ ಕೇಸರಿ ಹೂ ಬಿಡಿಸುತ್ತಿದ್ದಾರೆ. ಇನ್ನೊಂದರಲ್ಲಿ ಕಾಲಿಗೆ ಗಾಯವಾದವಳೊಬ್ಬಳು ಹಣೆಗೆ ಕೈಯಿಟ್ಟು ಕೂತಿದ್ದಾಳೆ. ಪಾದದಿಂದ ರಕ್ತ ಬರುತ್ತಿದೆ. ಪಕ್ಕದವಳು ಮುಖವನ್ನು ಆಚೆ ತಿರುಗಿಸಿದ್ದಾಳೆ. ಮತ್ತೊಬ್ಬಳು ಹತ್ತಿರ ಬರುತ್ತಿದ್ದಾಳೆ, ಆದರೆ ಅವಳ ಕೈಯಲ್ಲಿರುವುದು ಗಾಯಕ್ಕೆ ಕಟ್ಟುವ ಬಟ್ಟೆಯಲ್ಲ, ಒಂದು ಮಣಿಹಾರ. ವರ್ಷಗಟ್ಟಲೆ ನೋಡಿದ ಚಿತ್ರ. ಅದು ವಿಚಿತ್ರ ಅನ್ನಿಸಿದ್ದು ಇವತ್ತೇ.

ಮೈಸೂರಿನಿಂದ ಅತ್ತೆಯ ಫೋನ್ ಬಂತು.

“ಕೇಸರಿ ಹಾಲು ಕುಡೀತಿದೀಯೇನಮ್ಮ?”

“ಹೂಂ, ಅತ್ತೆ.”

“ಬಿಡಬೇಡ. ನಾನೂ ದಿನಾ ಕುಡಿದಿದ್ದೆ, ಆದ್ರೂ ನಿನ್ ಗಂಡ ಇದ್ದಲಿನ ಹಾಗೆ ಹುಟ್ಟಿದ!”

ಅವರು ನಕ್ಕರು. ನಾನೂ ನಕ್ಕೆ.

“ಸೀಮಂತಕ್ಕೆ ಹಸಿರು ಬಳೆ ತಗೊಳ್ಳೋಣ ಅಂತ ಅಂಗಡಿಗೆ ಬಂದಿದೀನಿ. ನಿನ್ ಕೈ ಅಳತೆ ಎಷ್ಟಮ್ಮ?”

ಫೋನಿನಲ್ಲಿ ಬಳೆಗಳ ಸದ್ದು ಕೇಳುತ್ತಿತ್ತು. ಅಂಗಡಿಯವರು ಕಾಯುತ್ತಿದ್ದರು.

ಅಳತೆ ಹೇಳಿದೆ.